ಅಪ್ಪನ ಬ್ಯಾರಲ್ಲಿಗೆ ನಾನು ಬಣ್ಣ ಹಚ್ಚಿದ್ದು

ಬಸುರಿ ಮಗಳ ಕುಬಸದ ಶಾಸ್ತ್ರ ಮುಗಿಸಿಕೊಂಡು ಬೀಗರೂರು ಬೆಳಗಾವಿಯಿಂದ ಬಂದ ಮೂರನೆಯ ದಿನ ನಾನು ಆ ಫಲಕ ನೋಡಿದೆ.

ಬೆಳಿಗ್ಗೆ ಲಕಮನಹಳ್ಳಿಯ ಕಡೆ ವಾಕಿಂಗಿಗೆ ಹೋಗಿದ್ದೆ. ಬಾಗಿಲು ಹಾಕಿ ಎಷ್ಟೋ ವರ್ಷವಾದ ಸರಕಾರಿ ಕಾರ್ಖಾನೆಯ ಗೋಡೆಯ ಹೊರಗೆ ಒಂದು ಕೈಪಂಪು ಇದೆ. ಅದರ ಕುತ್ತಿಗೆಗೆ ಹೊಸ ತಗಡಿನ ಫಲಕ ತಂತಿಯಿಂದ ಬಿಗಿದಿದ್ದರು. ಕೆಂಪು ಅಕ್ಷರ: ‘ಈ ನೀರು ಕುಡಿಯಲು ಯೋಗ್ಯವಲ್ಲ.’ ಫಲಕದ ಕೆಳಗೇ ಒಬ್ಬ ಗೃಹಸ್ಥರು ಪಂಪು ಒತ್ತಿ ಬಾಯಿ ಮುಕ್ಕಳಿಸುತ್ತಿದ್ದರು.

“ಫಲಕ ನೋಡಿಲ್ಲೇನ್ರಿ?” ಎಂದೆ.

“ನೋಡೇನ್ರಿ. ಕುಡಿಬ್ಯಾಡ್ರಿ ಅಂದಾರ. ನಾ ಉಗಳಾಕತ್ತೇನಿ,” ಎಂದು ಉಗುಳಿ ತೋರಿಸಿದರು.

ನಮ್ಮ ಮನೆ ಆ ಗೋಡೆಯಿಂದ ಎರಡು ಓಣಿ ಈಚೆಗೆ. ಇನ್ನು ಹದಿನೈದು ದಿನಕ್ಕೆ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ, ಅಂದರೆ ನಮ್ಮ ಮನೆಗೆ, ಬರುವವಳಿದ್ದಳು. ಚಿಂತೆ ಮಾಡಲು ನನಗೆ ಇಷ್ಟು ದೊಡ್ಡ ಕಾರಣ ಎಂದೂ ಬೇಕಾದದ್ದಿಲ್ಲ. ಕುಬಸದ ದಿನ ಮಗಳಿಗೆ ಉಡಿ ತುಂಬುವಾಗ, ಭಾರ ಹೆಚ್ಚಾದೀತು ಎಂದು ಒಂದು ತೆಂಗಿನಕಾಯಿಯನ್ನು ಸದ್ದಿಲ್ಲದೆ ಹೊರಗೆ ತೆಗೆದಿಟ್ಟವನು ನಾನು. ಬೀಗಿತಿ ಅದನ್ನು ನೋಡಿ, “ಬೀಗರು ಕೊಟ್ಟ ಕಾಯಿ ಹೊಳ್ಳಿ ಒಯ್ಯಾಕತ್ತಾರ ನೋಡ್ರಿ!” ಎಂದು ಮಂಟಪದವರನ್ನೆಲ್ಲ ನಗಿಸಿದ್ದರು. ಅಂಥವನಿಗೆ ಸರಕಾರವೇ ಕೆಂಪು ಅಕ್ಷರದಲ್ಲಿ ಬರೆದು ಕೊಟ್ಟರೆ ಏನಾಗಬೇಡ.

ಆ ಕಾರ್ಖಾನೆಯ ಸಂಬಳದಲ್ಲೇ ನಾವು ಬೆಳೆದದ್ದು. ಅಪ್ಪ ಅಲ್ಲಿಯ ಪ್ಲೇಟಿಂಗ್ ಶಾಪಿನಲ್ಲಿ ಕೆಲಸಕ್ಕಿದ್ದ. ಸೈನ್ಯದ ತೋಪಿನ ಗುಂಡುಗಳ ಮೂತಿಗೆ ಕೂರಿಸುವ, ಹೆಬ್ಬೆರಳಿನಷ್ಟು ದಪ್ಪದ ಲೋಹದ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು. ಅವು ತುಕ್ಕು ಹಿಡಿಯದಂತೆ ಕ್ರೋಮಿಯಂ ಕಲೆಸಿದ ಆಸಿಡ್ಡಿನ ಟಾಕಿಯಲ್ಲಿ ಅದ್ದಿ, ಮೇಲೆತ್ತಿ, ತೊಳೆದು, ಒರೆಸುವುದು ಅಪ್ಪನ ಕೆಲಸ. ಅಲ್ಲಿಂದ ಪೆಟ್ಟಿಗೆ ಕಟ್ಟಿಸಿಕೊಂಡು ಅವು ಎಲ್ಲೋ ದೂರದ ಬಯಲಿಗೆ ಹೋಗುತ್ತಿದ್ದವಂತೆ. ಅಲ್ಲಿ ಕೆಲವನ್ನು ಆರಿಸಿ ಪರೀಕ್ಷೆಗೆಂದು ಸಿಡಿಸುತ್ತಿದ್ದರಂತೆ. “ನಾವು ಮೂರು ದಿನ ನಿಂತು ಕನ್ನಡಿ ಹಂಗ ಹೊಳಿಸಿ ಕಳಸ್ತೇವಿ, ಅವರು ಒಂದ ಸಲಕ್ಕ ಢಮ್ ಅನಿಸಿ ಪಾಸ್ ಆತು ಅಂತಾರ,” ಎಂದು ಅಪ್ಪ ಊಟಕ್ಕೆ ಕೂತಾಗ ಬೇಸರ ಮಾಡಿಕೊಳ್ಳುತ್ತಿದ್ದ. ತೋಪಿನ ವಿಷಯದಲ್ಲಿ ಅವನಿಗಿದ್ದ ಆಕ್ಷೇಪಣೆ ಅಷ್ಟೇ.

ಅಪ್ಪನ ಮೂಗಿನೊಳಗಿನ ನಡುಗೋಡೆಗೆ ತೂತಿತ್ತು. ಹಬ್ಬಕ್ಕೆ ನೆಂಟರ ಮಕ್ಕಳು ಬಂದರೆ ಮೇಣ ಸವರಿದ ದಾರವನ್ನು ಒಂದು ಹೊಳ್ಳೆಯೊಳಗೆ ಬಿಟ್ಟು ಇನ್ನೊಂದರಿಂದ ಮೆಲ್ಲಗೆ ಎಳೆದು ತೋರಿಸುತ್ತಿದ್ದ. ನಾವು ಕೇಕೆ ಹಾಕುತ್ತಿದ್ದೆವು. ಸಾಲೆಯಲ್ಲಿ ನಾನು ಗೆಳೆಯರಿಗೆ “ನಿಮ್ಮಪ್ಪಗ ಬರತೈತೇನಲೇ?” ಎಂದು ಸವಾಲು ಹಾಕಿದ್ದೂ ಇದೆ. ಪ್ಲೇಟಿಂಗ್ ಶಾಪಿನಲ್ಲಿ ಮೂಗಿಗೆ ತೂತು ಬಿದ್ದವನು ‘ಪಕ್ಕಾ’, ಇನ್ನೂ ಬೀಳದವನು ‘ಕಚ್ಚಾ’. ತೂತು ಬಿದ್ದ ವಾರ ಆ ಮನುಷ್ಯ ಎಲ್ಲರಿಗೂ ಚಹಾ ಕುಡಿಸಬೇಕು. ಟಾಕಿಯಿಂದ ಏಳುವ ಆವಿಯೇ ಮೂಗನ್ನು ಕೊರೆಯುತ್ತದೆ ಎಂದು ಅವರಿಗೆಲ್ಲ ಗೊತ್ತಿತ್ತು. ಸಾಹೇಬರಿಗೂ ಗೊತ್ತಿತ್ತು, ಅವರೂ ಬಂದು ಚಹಾ ಕುಡಿದು ಹೋಗುತ್ತಿದ್ದರು. ಅಪ್ಪ ತೀರಿಕೊಂಡಾಗ ಎಪ್ಪತ್ತು ದಾಟಿತ್ತು. ಕೊನೆಯ ವರ್ಷಗಳಲ್ಲಿ ಕೆಮ್ಮು ಅವನನ್ನು ಬಿಡಲೇ ಇಲ್ಲ. ಡಾಕ್ಟರು ಬೀಡಿಯ ಕೆಮ್ಮು ಎಂದರು. ಅಪ್ಪ ಬೀಡಿ ಸೇದಿದ್ದನ್ನು ನಾನಂತೂ ಕಂಡಿಲ್ಲ.

ಇದೆಲ್ಲ ನನಗೆ ತಿಳಿದೇ ಇತ್ತು. ತಿಳಿದಿದ್ದನ್ನು ಒಂದು ಮೂಲೆಗೆ ಇಟ್ಟಿದ್ದೆ. ಫಲಕ ನೋಡಿ ಬಂದ ಮೇಲೆ ಅದು ಮೂಲೆಯಲ್ಲಿ ನಿಲ್ಲಲಿಲ್ಲ.

ನಾನು ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕ. ಇಂಥ ನೌಕರಿಯ ದೊಡ್ಡ ಅಪಾಯವೆಂದರೆ ಓದಲು ಬಿಡುವು ಸಿಗುತ್ತದೆ. ಎರಡು ದಿನದಲ್ಲಿ ನೆಲದಾಳದ ನೀರಿಗೆ ಕ್ರೋಮಿಯಂ ಹೇಗೆ ಇಳಿಯುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಗರ್ಭಿಣಿಯರು ಯಾಕೆ ದೂರವಿರಬೇಕು ಎಲ್ಲವನ್ನೂ ಓದಿ ಮುಗಿಸಿದೆ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ. ಅದನ್ನು ತುಂಬಿಟ್ಟು ಕುಡಿಯುತ್ತೇವೆ. ಜಳಕ, ಬಟ್ಟೆ, ಭಾಂಡೆ ಎಲ್ಲಕ್ಕೂ ಹಿತ್ತಲಿನ ಬೋರಿನ ನೀರು. ಬಾಣಂತಿ ಮತ್ತು ಕೂಸು ಇರುವ ಮನೆಗೆ ಕುಡಿಯುವ ನೀರಿಗಿಂತ ಎರೆಯುವ ನೀರೇ ಹೆಚ್ಚು ಬೇಕು.

“ಬೋರಿನ ನೀರು ಪರೀಕ್ಷಾ ಮಾಡಸ್ತೇನಿ,” ಎಂದೆ ಹೆಂಡತಿಗೆ.

“ಮಾಡಸ್ರಿ. ಹೋದ ವರ್ಷ ಗ್ಯಾಸ್ ಸೋರತೈತಿ ಅಂತ ಮೂರು ಸಲ ಕಂಪನಿ ಮನಿಶ್ಯಾನ್ನ ಕರಸಿದ್ರಿ. ಸೋರಿದ್ದು ನಿಮ್ಮ ಸೆಂಟಿನ ಬಾಟ್ಲಿ.”

“ಇದು ಹಂಗಲ್ಲ.”

“ಪ್ರತೀ ಸಲಾನೂ ಹಂಗಲ್ಲ,” ಎಂದು ಅವಳು ಮೆಂತೆ ಸೋಸುವುದನ್ನು ಮುಂದುವರಿಸಿದಳು.

ಈ ನಡುವೆ ನಾನು ಇನ್ನೊಂದು ಮುಂಜಾಗ್ರತೆಯನ್ನೂ ಮಾಡಿದ್ದೆ. ಕರೆಂಟು ಕೈಕೊಟ್ಟ ದಿನ ಬಾಣಂತಿಗೆ ನೀರಿಲ್ಲದಂತೆ ಆಗಬಾರದಲ್ಲ? ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಒಂದು ಕಬ್ಬಿಣದ ಬ್ಯಾರಲ್ ಇತ್ತು. ಕಾರ್ಖಾನೆಯಿಂದ ಹಳೆಯ ಸಾಮಾನು ತೆಗೆದು ಹಾಕಿದಾಗ ತಂದದ್ದು. ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿ ಹಂಡೆಯ ಒಲೆಗೆ ಬೇಕಾದ ತೆಂಗಿನ ಚಿಪ್ಪು ತುಂಬಿರುತ್ತಿದ್ದವು. ಗೀಸರ್ ಬಂದ ಮೇಲೆ ಚಿಪ್ಪಿನ ಕೆಲಸ ಮುಗಿದಿತ್ತು. ಅದನ್ನು ಕೆಳಗಿಳಿಸಿ, ಸೋಡಾ ಹಾಕಿ ತೊಳೆದು, ಬೀಗರು ಬಂದಾಗ ಚಂದ ಕಾಣಲಿ ಎಂದು ಹೊರಗೆ ಆಕಾಶನೀಲಿ ಬಣ್ಣ ಹಚ್ಚಿ, ಬಚ್ಚಲ ಪಕ್ಕ ನಿಲ್ಲಿಸಿ, ಬೋರಿನ ನೀರು ತುಂಬಿಸಿದೆ. ಹೆಂಡತಿ ಒಮ್ಮೆ ಇಣುಕಿ, “ತುಸು ಹಳದಿ ಕಾಣಸ್ತೈತಿ, ನಾ ಒಲ್ಲೆ,” ಎಂದು ಹೋಗಿಬಿಟ್ಟಳು. ಬೋರಿನ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ ಎಂದು ನಾನು ಅವಳ ಬೆನ್ನಿಗೆ ವಿವರಿಸಿದೆ.

ಪರೀಕ್ಷೆಗೆ ನೀರು ಒಯ್ಯುವ ದಿನ ಕರೆಂಟು ಇರಲಿಲ್ಲ, ಮೋಟಾರು ಓಡುವಂತಿರಲಿಲ್ಲ; ಮಾಳಿಗೆಯ ಮೇಲಿನ ಟಾಕಿಯೂ ಖಾಲಿಯಾಗಿತ್ತು. ಬೋರಿನ ನೀರೇ ಬ್ಯಾರಲ್ಲಿನಲ್ಲೂ ಇದೆಯಲ್ಲ ಎಂದು ಅದರಿಂದಲೇ ಒಂದು ಬಾಟಲಿ ತುಂಬಿಕೊಂಡು ಹೋದೆ.

ನಾಲ್ಕು ದಿನ ಬಿಟ್ಟು ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿಯ ಮೇಡಂ ವರದಿಯನ್ನು ನನ್ನ ಕೈಗೆ ಕೊಡಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಇದು ಎಲ್ಲಿ ನೀರ್ರಿ?”

“ನಮ್ಮನೀದು ರೀ. ಬೋರಿನ ನೀರು.”

“ಕುಡೀತೀರೇನು?”

“ಇಲ್ರಿ. ಬಳಸ್ತೇವಿ. ಜಳಕಾ, ಭಾಂಡೆ.”

“ಅದನ್ನೂ ಬಂದ್ ಮಾಡ್ರಿ. ಕ್ರೋಮಿಯಂ ಮಿತಿಗಿಂತ ಭಾಳ ಹೆಚ್ಚೈತಿ.”

ಜೀವನದಲ್ಲಿ ಮೊದಲ ಬಾರಿಗೆ ನನ್ನ ಚಿಂತೆಯೊಂದು ಖರೇ ಆಗಿತ್ತು. ಇಷ್ಟು ವರ್ಷ ಅಭ್ಯಾಸ ಮಾಡಿದವನು ಆ ಹೊತ್ತಿಗೆ ಸಿದ್ಧನಿರಬೇಕಿತ್ತು. ಹೊರಗೆ ಬಂದು ಸ್ಕೂಟರಿನ ಕೀಲಿ ಹಾಕುವ ಜಾಗವೇ ಕಾಣದೆ ಸ್ವಲ್ಪ ಹೊತ್ತು ನಿಂತುಕೊಂಡೆ.

ಮನೆಗೆ ಬಂದವನು ಹೆಂಡತಿಗೂ ಹೇಳದೆ ಮಗಳಿಗೆ ಫೋನ್ ಮಾಡಿದೆ. ಖರೇ ಹೇಳಿದರೆ ಹೊಟ್ಟೆಯಲ್ಲಿ ಕೂಸು ಹೊತ್ತವಳು ಹೆದರಿಯಾಳು ಎಂದು ಒಂದು ಸುಳ್ಳು ತಯಾರಿಸಿಕೊಂಡಿದ್ದೆ.

“ಯವ್ವಾ, ಈಗ ಲಗೂನ ಬರಬ್ಯಾಡ. ಮನಿಗೆ ಬಣ್ಣ ಹಚ್ಚಸಾಕತ್ತೇವಿ. ವಾಸನಿ ಇರತೈತಿ.”

“ದೀಪಾವಳಿಗೆ ಹಚ್ಚಿಸೀರಲ್ಲಪ್ಪಾ?”

“ಅದು ಹೊರಗಿಂದು.”

“ಒಳಗಿಂದೂ ಹಚ್ಚಿಸೀರಿ. ಫೋಟೋ ಕಳಿಸಿದ್ರಿ. ಹಸರು ಭಾಳ ಗಾಢಾ ಆತು ಅಂತ ನೀವ ಎಂಟು ದಿನ ಚಿಂತಿ ಮಾಡಿದ್ರಿ.”

ನನ್ನ ಸುಳ್ಳಿಗೆ ನನ್ನ ಚಿಂತೆಯೇ ಸಾಕ್ಷಿ ಹೇಳಿತು. ನಾನು ಏನೋ ತಡವರಿಸಿದೆ. ಮಗಳು ಸಣ್ಣ ದನಿಯಲ್ಲಿ, “ನಾ ಬರೋದು ನಿಮಗ ತ್ರಾಸ ಆಗತೈತೇನಪ್ಪಾ? ಅವ್ವಗ ಆರಾಮ ಐತಿಲ್ಲೋ?” ಎಂದಳು. ಉತ್ತರ ಕೊಡುವುದರೊಳಗೆ ಫೋನ್ ಬೀಗಿತಿಯ ಕೈಗೆ ಹೋಗಿತ್ತು.

“ಇರ್ಲಿ ಬಿಡ್ರಿ ಬೀಗರ. ಇಲ್ಲೇ ಬಾಣಂತನ ಮಾಡ್ತೇವಿ. ನಮಗೇನ ಭಾರ ಅಲ್ಲ.”

ಎಷ್ಟು ಮರ್ಯಾದೆಯ ಮಾತು! ನಮ್ಮ ಕಡೆ ಚೊಚ್ಚಲಿಗೆ ಮಗಳನ್ನು ಕರೆತರದ ತವರಿಗೆ ಇದಕ್ಕಿಂತ ಮರ್ಯಾದೆಯಿಂದ ಬೈಯಲು ಬರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ವರದಿಯನ್ನು ಅವಳ ಮುಂದಿಟ್ಟೆ. ಅವಳು ಬೈಯಲಿಲ್ಲ, ಅದು ನನಗೆ ಇನ್ನೂ ಹೆಚ್ಚು ಅಂಜಿಕೆ ತಂದಿತು. ಓದಿ ಮುಗಿಸಿ, “ಅದೇ ನೀರಾಗ ಆಕಿನ್ನ ಇಪ್ಪತ್ತನಾಕ ವರ್ಷ ಎರದು ಬೆಳಸೇನಿ,” ಎಂದಳು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಎದುರಿಗೆ ಇರುವ ಚಿಂತೆಯಲ್ಲಿ ಮುಳುಗಿ ಹಿಂದಿನದನ್ನು ನೋಡಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಕಾಕಾನನ್ನು ಕರೆಸಿದಳು. ಕಾಕಾ ಅಂದರೆ ಅಪ್ಪನ ಜೊತೆ ಅದೇ ಟಾಕಿಯ ಮುಂದೆ ನಿಂತು ದುಡಿದವರು. ಈಗ ಎಂಬತ್ತರ ಹತ್ತಿರ. ಕಾರ್ಖಾನೆಯ ಆಚೆ ಮಗ್ಗುಲಲ್ಲಿ, ನಾಲಾದ ದಂಡೆಯ ಓಣಿಯಲ್ಲಿ ಮಗನ ಸಂಸಾರದ ಜೊತೆ ಇದ್ದಾರೆ. ಕಾರ್ಖಾನೆಯವರು ಆಸಿಡ್ ನೀರನ್ನು ಎಲ್ಲೆಲ್ಲಿ ಚೆಲ್ಲುತ್ತಿದ್ದರು, ನಮ್ಮ ಬೋರಿಗೆ ಅದು ಬಂದದ್ದು ಹೇಗೆ ಎಂದು ಅವರನ್ನೇ ಕೇಳಬೇಕೆಂದು ಅವಳ ವಿಚಾರ.

ಕಾಕಾ ಹಿತ್ತಲಿಗೆ ಬಂದರು. ಬೋರನ್ನು ನೋಡಲಿಲ್ಲ. ಬಚ್ಚಲ ಪಕ್ಕದ ನೀಲಿ ಬ್ಯಾರಲ್ಲನ್ನು ನೋಡಿದರು.

“ಇದ್ಯಾವುದು?”

“ಅಪ್ಪಂದು ಕಾಕಾ. ಮ್ಯಾಲಿತ್ತು. ನಾನ ಬಣ್ಣ ಹಚ್ಚೇನಿ.”

ಅವರು ಕಿಸೆಯಿಂದ ಮನೆಯ ಕೀಲಿ ತೆಗೆದು ಬ್ಯಾರಲ್ಲಿನ ಹೊಟ್ಟೆಯನ್ನು ಕೆರೆದರು. ಆಕಾಶನೀಲಿ ಎದ್ದು ಬಂತು. ಅದರಡಿ ಒಂದು ಗೇಣಗಲದ ಹಳದಿ ಪಟ್ಟಿ.

“ಲೇ ತಮ್ಮಾ,” ಎಂದರು ಕಾಕಾ, “ನೀ ಲೈಬ್ರರ್ಯಾಗ ಇಷ್ಟ ವರ್ಷ ಏನ್ ಓದಿದಿ?”

“ಯಾಕ ಕಾಕಾ?”

“ಹಳದಿ ಪಟ್ಟಿ ಅಂದ್ರ ಕ್ರೋಮಿಕ್ ಆಸಿಡ್ ಬ್ಯಾರಲ್. ಓದು ಬರದಾವರೂ ತಿಳೀಲಿ ಅಂತ ಹಚ್ಚತಿದ್ರು. ನೀ ಓದು ಬಂದಾಂವ, ಅದರ ಮ್ಯಾಲ ಬಣ್ಣಾ ಬಳದಿ!”

“ಆದ್ರ ಅಪ್ಪ ಮನಿಗೆ ತಂದಿದ್ದನಲ್ಲ...”

“ಅಂವ ತಂದಿದ್ದು ಚಿಪ್ಪು ತುಂಬಾಕ. ಎತ್ತುವಾಗ ಆ ಕಡೆ ಕೈ ಹಚ್ಚಿದಾಂವ ನಾನ. ‘ಇದಕ್ಕ ನೀರು ಮುಟ್ಟಸಂಗಿಲ್ಲ’ ಅಂತ ಹತ್ತ ಸಲ ಅಂದಿದ್ದ. ಈ ಅಂಚಿನ ಮಡಿಕ್ಯಾಗ ಆಸಿಡ್ಡು ಬೆಲ್ಲದ ಹೆಪ್ಪಿನಂಗ ಕುಂತಿರತೈತಿ. ಒಣಗಿದ್ರ ಐವತ್ತ ವರ್ಷ ಆದ್ರೂ ಸುಮ್ಮನಿರತೈತಿ. ನೀರು ಕಂಡ್ರ ಎದ್ದು ಬರತೈತಿ.”

ಹೆಂಡತಿ ನನ್ನ ಕಡೆ ತಿರುಗಿದಳು. “ನೀವು ಆ ದಿನ ನೀರು ಎಲ್ಲಿಂದ ತುಂಬಿಕೊಂಡ್ರಿ?”

ನಾನು ಬ್ಯಾರಲ್ಲನ್ನು ನೋಡಿದೆ. ಕಾಕಾನ ಭುಜ ಕುಲುಕತೊಡಗಿತು. ಅವರು ಸದ್ದಿಲ್ಲದೆ ನಗುವವರು. ಕಣ್ಣಲ್ಲಿ ನೀರು ಬಂದಮೇಲೆಯೇ ನಗುತ್ತಿದ್ದಾರೆ ಎಂದು ಗೊತ್ತಾಗುವುದು. ಮಗಳನ್ನು ಕಾಪಾಡಲು ನಾನು ಮಾಡಿದ ಮುಂಜಾಗ್ರತೆಯನ್ನೇ ಬಾಟಲಿಗೆ ತುಂಬಿ, ಅದರಲ್ಲಿ ವಿಷವಿದೆ ಎಂಬ ವರದಿ ತಂದು, ಮಗಳನ್ನು ಬರಬೇಡ ಎಂದಿದ್ದೆ.

“ಹಂಗಾರ ನಮ್ಮ ಬೋರು ಛಲೋ ಐತಿ ಅಂತೀರೇನು ಕಾಕಾ?”

“ಅದನ್ನ ನಾ ಹೆಂಗ ಹೇಳ್ಲಿ? ನಾ ಏನ್ ನೆಲದಾಗ ಇಳದು ಬಂದೇನೇನು? ಪೈಪಿನ ಬಾಯಾಗಿಂದ ಸೀದಾ ಹಿಡಕೊಂಡು ಮತ್ತೊಮ್ಮೆ ಒಯ್ಯಿ. ನಿನ್ನ ಬುದ್ಧಿ ಉಪಯೋಗಸಬ್ಯಾಡ ಮತ್ತ.”

ಈ ಸಲ ಬಾಟಲಿಯನ್ನು ಮೇಡಂ ಅವರೇ ಕೊಟ್ಟರು. ನಾನು ಮೋಟಾರನ್ನು ಬಹಳ ಹೊತ್ತು ಓಡಿಸಿ, ಪೈಪಿನ ಬಾಯಿಗೆ ಬಾಟಲಿ ಹಿಡಿದು, ಹೆಂಡತಿಯನ್ನು ಸಾಕ್ಷಿಗೆ ನಿಲ್ಲಿಸಿ ನೀರು ತುಂಬಿದೆ. ಆಮೇಲಿನ ಮೂರು ದಿನ ನಾನು ಗ್ರಂಥಾಲಯದಲ್ಲಿ ಒಂದು ಪುಟವನ್ನೂ ಓದಲಿಲ್ಲ. ಹಿಂದಿರುಗಿ ಬಂದ ಪುಸ್ತಕಗಳನ್ನು ತಪ್ಪು ಕಪಾಟುಗಳಲ್ಲಿ ಇಟ್ಟೆ. ಒಬ್ಬ ವಿದ್ಯಾರ್ಥಿನಿ ಅರ್ಥಶಾಸ್ತ್ರದ ಪುಸ್ತಕ ಕೇಳಿದರೆ ಹೂದೋಟದ್ದು ಕೊಟ್ಟು ಕಳಿಸಿದೆನಂತೆ. ಬ್ಯಾರಲ್ಲಿನಿಂದಾಗಿ ಮೊದಲ ವರದಿಗೆ ಕಾರಣ ಸಿಕ್ಕಿತ್ತು, ನಿಜ. ಆದರೆ ಬೋರಿನಲ್ಲೂ ಅದೇ ಇರಬಾರದು ಎಂದೇನಿಲ್ಲವಲ್ಲ? ಗೋಡೆಯಿಂದ ಎರಡೇ ಓಣಿ. ಹೆಂಡತಿ ಹೇಳಿದ ಆ ಇಪ್ಪತ್ತನಾಲ್ಕು ವರ್ಷಗಳು ಊಟಕ್ಕೆ ಕೂತರೂ ನನ್ನ ಎದುರಿಗೆ ಬಂದು ಕೂರುತ್ತಿದ್ದವು. ಬೆಳಗಾವಿಯಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ನಾಲ್ಕನೆಯ ದಿನ ಹೆಂಡತಿಯೂ ನನ್ನ ಜೊತೆ ಬಂದಳು. ಮೇಡಂ ಈ ಸಲ ಕನ್ನಡಕ ತೆಗೆಯಲಿಲ್ಲ.

“ಕ್ರೋಮಿಯಂ ಸಿಕ್ಕಿಲ್ರಿ,” ಎಂದರು.

“ಇನ್ನೊಂದ ಸಲ ಓದ್ರಿ ಮೇಡಂ.”

“ಸರ್, ಇದು ಒಂದ ಸಾಲ ಐತಿ.”

“ಆದ್ರೂ ಓದ್ರಿ,” ಎಂದಳು ಹೆಂಡತಿ. ನಾನು ಅವಳ ಮುಖ ನೋಡಿದೆ. ಇಷ್ಟು ದಿನ ಮೆಂತೆ ಸೋಸಿದ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮೇಡಂ ಮತ್ತೊಮ್ಮೆ ಓದಿದರು. ಕಾರ್ಖಾನೆಯ ನೀರು ನೆಲದೊಳಗೆ ಇಳಿಜಾರಿನ ಕಡೆಗೆ, ನಾಲಾದ ದಿಕ್ಕಿಗೆ ಹರಿದಿದೆ. ನಿಮ್ಮ ಓಣಿ ಏರಿನಲ್ಲಿದೆ, ಅದಕ್ಕೆ ಉಳಿದುಕೊಂಡಿರಿ. ಆದರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿರಿ ಎಂದು ತಿಳಿಸಿ ಹೇಳಿದರು. ಹೊರಗೆ ಬಂದು ಇಬ್ಬರೂ ಗಾಡಿಯ ಹತ್ತಿರ ನಿಂತು ಕಬ್ಬಿನ ಹಾಲು ಕುಡಿದೆವು. ಆ ಐಸು ಯಾವ ನೀರಿನದೋ ಎಂದು ನನಗೆ ಅನ್ನಿಸಲಿಲ್ಲ. ಬಹಳ ಹೊತ್ತಿನ ಮೇಲೆ ಅನ್ನಿಸಿತು, ಆಗ ಕುಡಿದಾಗಿತ್ತು.

ಆದರೆ ನಾಲಾದ ದಿಕ್ಕು ಎಂದರೆ ಕಾಕಾನ ಓಣಿ. ಸಂಜೆ ಪೇಢೆಯ ಪೊಟ್ಟಣ ಹಿಡಿದು ಅವರ ಮನೆಗೆ ಹೋದೆ. ಅವರ ಓಣಿಯ ಬೋರಿಗೆ ಆಗಲೇ ಕೆಂಪು ಬಣ್ಣ ಹಚ್ಚಿ ಹಿಡಿಕೆ ಬಿಚ್ಚಿದ್ದರು. ಟ್ಯಾಂಕರಿನ ಕೊಡಗಳು ಸಾಲಾಗಿ ಕೂತಿದ್ದವು. ಪೊಟ್ಟಣವನ್ನು ಅವರ ಮುಂದಿಡದೆ ಕೈಯಲ್ಲೇ ಹಿಡಿದು ಕೂತೆ. ಅವರೇ ಅದನ್ನು ನೋಡಿ ತಿಳಿದುಕೊಂಡರು.

“ಮತ್ಯಾಕ ಮಾರಿ ಹಿಂಗ ಮಾಡಿ? ಮಗಳನ್ನ ಕರಕೊಂಡ ಬಾ.”

“ನಿಮ್ಮ ಓಣಿ ಕಾಕಾ...”

“ನಮಗ ಟ್ಯಾಂಕರ್ ಬರತೈತಿ. ಹೊಸಾ ನಳಾ ಕೊಡ್ತೇವಿ ಅಂತ ಬರಕೊಂಡು ಹೋಗ್ಯಾರ. ಮೊಮ್ಮಕ್ಕಳ ರಕ್ತಾನೂ ಒಯ್ದಿದ್ರು, ಏನೂ ಇಲ್ಲ ಅಂದಾರ. ನಂದು ಬಿಡು. ನಾ ಪಕ್ಕಾ ಆದಾಂವ,” ಎಂದು ಪೇಢೆ ಬಾಯಿಗೆ ಹಾಕಿಕೊಂಡರು. ಮೊಮ್ಮಕ್ಕಳ ವಿಷಯ ಕೇಳಿದ ಮೇಲೆ ನಾನೂ ಒಂದು ಪೇಢೆ ತೆಗೆದುಕೊಂಡೆ. ಆ ಹೊಸ ನಳದ ಸಲುವಾಗಿ ಓಣಿಯವರು ಬರೆದ ಅರ್ಜಿಯನ್ನು ನಾನು ತಿದ್ದಿ, ಟೈಪು ಮಾಡಿಸಿ ಕೊಟ್ಟೆ. ನಳ ಇನ್ನೂ ಬಂದಿಲ್ಲ; ಪೈಪು ಬಂದು ಬಿದ್ದಿವೆ.

ಬ್ಯಾರಲ್ಲನ್ನು ಗುಜರಿಯವನಿಗೆ ಕೊಡಲು ಕಾಕಾ ಬಿಡಲಿಲ್ಲ. ಇನ್ಯಾರೋ ಒಯ್ದು ನೀರು ತುಂಬಿದರೆ? ನೀರಿನ ಫಲಕ ಹಾಕಿದ ಕಚೇರಿಗೇ ತಿಳಿಸಿದೆ. ಒಂದು ವಾರಕ್ಕೆ ಇಬ್ಬರು ಬಂದರು. ಮೂಗು ಬಾಯಿ ಮುಚ್ಚುವ ಮುಖವಾಡ, ಮೊಳಕೈವರೆಗೆ ರಬ್ಬರಿನ ಗ್ಲೌಸು, ಕಾಲಿಗೆ ಗಮ್ ಬೂಟು. ಒಳಗಿನ ನೀರನ್ನು ಮುಚ್ಚಳದ ಕ್ಯಾನುಗಳಿಗೆ ತುಂಬಿಕೊಂಡು, ಬ್ಯಾರಲ್ಲಿಗೆ ಪ್ಲಾಸ್ಟಿಕ್ ಸುತ್ತಿ ಎತ್ತಿದರು. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಖಾಲಿ ಬ್ಯಾರಲ್ ಎತ್ತಾಕ ಮದುಮಕ್ಕಳಂಗ ಸಿಂಗಾರ ಆಗಿ ಬಂದಾರಲ್ಲೋ,” ಎಂದರು. ಆಮೇಲೆ ತಮ್ಮ ಅಂಗೈಗಳನ್ನು ಒಮ್ಮೆ ಮಗುಚಿ ನೋಡಿಕೊಂಡು, “ಛಲೋ ಆತು. ಇವರರ ಹಾಕ್ಕೊಂಡಾರ,” ಎಂದರು. ಆ ಕೈಗಳ ಮೇಲೆ ಸುಟ್ಟ ಕಡಲೆಯಷ್ಟು ಅಗಲದ ಬಿಳಿ ಗುಳಿಗಳಿವೆ. ಅಪ್ಪನ ಕೈಯಲ್ಲೂ ಇದ್ದವು.

ಮಗಳಿಗೆ ಆ ಪೇಢೆಯ ದಿನವೇ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದೆ. ಅವಳು ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ನನ್ನನ್ನು ಬೈದಳು. “ನಾ ನಿಮಗ ಬ್ಯಾಡ ಆಗೇನಿ ಅಂತ ನಾಕೈದ ದಿನ ನಿದ್ದಿ ಮಾಡಿಲ್ಲಪ್ಪಾ. ಇನ್ನ ಮುಂದ ವಿಷ ಇದ್ರ ವಿಷ ಐತಿ ಅಂತ ಹೇಳ್ರಿ. ಬಣ್ಣ ಅಂತ ಹೇಳಬ್ಯಾಡ್ರಿ.” ಬೀಗಿತಿ ಫೋನ್ ಇಸಿದುಕೊಂಡು, “ಈ ಸಲ ಕಾಯಿ ಎಲ್ಲಾ ಲೆಕ್ಕಾ ಮಾಡಿ ಕಳಸ್ತೇನ್ರಿ ಬೀಗರ,” ಎಂದರು. ಅವರು ಚೇಷ್ಟೆ ಮಾಡಿದರೆಂದರೆ ಕೋಪ ಇಳಿಯಿತೆಂದೇ ಲೆಕ್ಕ. ಮರುವಾರ ಅಳಿಯನೇ ಕರೆತಂದು ಬಿಟ್ಟುಹೋದ.

ಹೆಣ್ಣು ಕೂಸು. ಐದನೆಯ ದಿನದಿಂದ ಎರೆಯಲು ಒಬ್ಬ ಅಜ್ಜಿ ಬರತೊಡಗಿದರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ಚಾಚಿ, ಮೊಳಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕಿ ತಂಬಿಗೆ ಎತ್ತಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಏನ್ರಿ ಅದು ಕೈಯಾಗ?”

“ಥರ್ಮಾಮೀಟರ್ ರೀ ಅಜ್ಜಿ. ನೀರು ಎಷ್ಟ ಬಿಸಿ ಐತಿ ನೋಡಾಕ.”

“ನನಗ ದೇವರು ಮೊಳಕೈ ಕೊಟ್ಟಾನ್ರಿ. ನೀವು ಹೊರಗ ನಡೀರಿ. ಯವ್ವಾ, ನಿಮ್ಮಪ್ಪಗ ಏನರ ಕೆಲಸಾ ಹಚ್ಚ ನೋಡು.”

“ಅಪ್ಪಾ, ಟಾಕಿ ನೀರು ಮುಗೀತು, ಮೋಟಾರ್ ಹಾಕ್ರಿ,” ಎಂದು ಮಗಳು ಕೋಣೆಯೊಳಗಿಂದ ಕೂಗಿದಳು.

ಮೋಟಾರು ಹಾಕಿ ಹಿತ್ತಲಿನ ಕಟ್ಟೆಯ ಮೇಲೆ ಕೂತೆ. ಒಳಗೆ ತಂಬಿಗೆಯ ನೀರು ಬೀಳುವ ಸದ್ದು, ಅದನ್ನು ಮೀರಿಸಿ ಕೂಸಿನ ಚೀರಾಟ, ಅದಕ್ಕೆ ಅಜ್ಜಿ ಕೊಡುತ್ತಿದ್ದ ಎದುರುತ್ತರ. ಹಾಗೇ ಕೇಳುತ್ತ ಕೂತವನು, ಟಾಕಿ ತುಂಬಿ ನೀರು ಮಾಳಿಗೆಯಿಂದ ಹಿತ್ತಲಿಗೆ ಇಳಿದು ನನ್ನ ಚಪ್ಪಲಿ ತೇಲಿಸಿಕೊಂಡು ಹೊರಟಾಗಲೂ ಎದ್ದಿರಲಿಲ್ಲ.